ಇಪ್ಪತ್ತಮೂರರ ಬಾಟಲಿ

ಪುಟ್ಟಿಯ ಕೆಲಸ ನಾಲ್ಕು ಜನರ ಎದುರು ಬಿಡಿಸಿ ಹೇಳುವಂಥದ್ದಲ್ಲ. ಆಸ್ಪತ್ರೆಯ ಹಿಂದೆ ಸಂಶೋಧನೆಯ ಕಟ್ಟಡವಿತ್ತು. ಅಲ್ಲಿ ಕಿಟಕಿಯಿಲ್ಲದ ಒಂದು ತಣ್ಣನೆಯ ಕೋಣೆಯಲ್ಲಿ ಕೂತು, ಆರೋಗ್ಯವಂತರು ದಾನವಾಗಿ ಕೊಟ್ಟ ಮಲವನ್ನು ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಅದರೊಳಗಿನ ಬ್ಯಾಕ್ಟೀರಿಯಾವನ್ನು ಕ್ಯಾಪ್ಸೂಲಿಗೆ ತುಂಬಿ ಫ್ರೀಜರಿನಲ್ಲಿಡಬೇಕು. ಏನು ಕೆಲಸ ಮಾಡ್ತೀಯ ಎಂದು ಯಾರಾದರೂ ಕೇಳಿದರೆ, "ಹೊಟ್ಟೆಪಾಡು" ಎಂದು ನಕ್ಕುಬಿಡುತ್ತಿದ್ದಳು. ಅದಕ್ಕಿಂತ ಸರಿಯಾದ ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಕೂದಲಿಗೆ ಬಿಳಿ ಬಂದಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮನೆ ಅಂದರೆ ಅಕ್ಕ ಮತ್ತು ಅಮ್ಮ. ಇಬ್ಬರೂ ಊರಿನ ಆಚೆ ಕೊನೆಯಲ್ಲಿ ಮೂರನೇ ಮಹಡಿಯ ಒಂದು ಫ್ಲಾಟಿನಲ್ಲಿದ್ದರು. ಪುಟ್ಟಿ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆ ಮಾಡಿಕೊಂಡು ಭಾನುವಾರ ಮಾತ್ರ ಹೋಗಿಬರುತ್ತಿದ್ದಳು. ಅಮ್ಮ ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅರ್ಧ ಊರಿನ ನಂಬರು ಅವಳ ಬಾಯಲ್ಲೇ ಇರುತ್ತಿತ್ತು. ಈಗ ಆಲ್ಝೈಮರ್ಸ್ ಬಂದು ಮಗಳ ಹೆಸರೂ ನಾಲಿಗೆಗೆ ಸಿಗುತ್ತಿರಲಿಲ್ಲ. ಅಕ್ಕನನ್ನು ಒಮ್ಮೊಮ್ಮೆ ತನ್ನ ಹಳೆಯ ಸೂಪರ್‌ವೈಸರ್ ಅಂದುಕೊಂಡು, ಸ್ವಲ್ಪ ಹೊತ್ತು ಊಟಕ್ಕೆ ಹೋಗಿ ಬರಲಾ ಎಂದು ಅನುಮತಿ ಕೇಳುತ್ತಿದ್ದಳು.

"ಹೋಗಿ ಬಾಮ್ಮ" ಎಂದು ಅಕ್ಕ ಅನುಮತಿ ಕೊಡುತ್ತಿದ್ದಳು. ಅಮ್ಮನ ಬಟ್ಟೆ ಬದಲಾಯಿಸುವುದು, ಸ್ನಾನ ಮಾಡಿಸುವುದು, ಗ್ಯಾಸ್ ಒಲೆಯ ಗುಂಡಿ ಬಿಚ್ಚಿ ಎತ್ತಿಡುವುದು, ಬಾಗಿಲಿಗೆ ಒಳಗಿನಿಂದ ಬೀಗ ಹಾಕುವುದು, ಎಲ್ಲ ಅಕ್ಕನದೇ. ಪುಟ್ಟಿ ಭಾನುವಾರ ಹಣ್ಣು ಹಿಡಿದುಕೊಂಡು ಬಂದು, ಸಂಜೆ ಅಮ್ಮನ ಹಣೆ ಸವರಿ ಬಸ್ಸು ಹತ್ತುತ್ತಿದ್ದಳು. ಬಸ್ಸಿನಲ್ಲಿ ಕೂತಾಗ ಎದೆಯ ಮೇಲಿನ ಭಾರ ಇಳಿದಂತಾಗುತ್ತಿತ್ತು. ಹಾಗೆ ಇಳಿಯಿತಲ್ಲಾ ಎಂದು ಮರುಕ್ಷಣವೇ ನಾಚಿಕೆಯಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಅವಳ ಕಟ್ಟಡದಲ್ಲೇ ಹೊಸ ಪ್ರಯೋಗ ಶುರುವಾಯಿತು. ಅದರ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಅನ್ನುತ್ತಿದ್ದರು. ಮೊದಲ ದಿನ ಅವರು ಕೆಲಸದವರನ್ನೆಲ್ಲ ಕೂರಿಸಿಕೊಂಡು ವಿವರಿಸಿದರು.

"ನಮ್ಮ ಕರುಳಲ್ಲಿರೋ ಬ್ಯಾಕ್ಟೀರಿಯಾಗೂ ಮೆದುಳಿಗೂ ಒಂದು ರೀತಿ ಮಾತುಕತೆ ನಡೀತಿರುತ್ತೆ. ಆಲ್ಝೈಮರ್ಸ್ ಬಂದವರ ಕರುಳಲ್ಲಿ ಬ್ಯಾಕ್ಟೀರಿಯಾದ ಗುಂಪೇ ಬೇರೆ ಥರ ಇರೋದನ್ನ ನೋಡಿದ್ದಾರೆ. ರೋಗಿಗಳದ್ದನ್ನ ಇಲಿಗಳ ಹೊಟ್ಟೆಗೆ ಹಾಕಿದಾಗ ಇಲಿಗಳ ನೆನಪು ಕೆಟ್ಟಿದ್ದೂ ಇದೆ. ಆದರೆ ಇಲಿ ಇಲಿನೇ, ಮನುಷ್ಯ ಮನುಷ್ಯನೇ. ಹೊಟ್ಟೆ ಕೆಟ್ಟು ಮೆದುಳು ಕೆಡುತ್ತಾ, ಮೆದುಳು ಕೆಟ್ಟು ಹೊಟ್ಟೆ ಬದಲಾಗುತ್ತಾ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅದನ್ನ ತಿಳಿಯೋದಕ್ಕೇ ಇಷ್ಟೆಲ್ಲ."

ರೋಗಿಗಳಲ್ಲಿ ಅರ್ಧ ಜನಕ್ಕೆ ನಿಜವಾದ ಕ್ಯಾಪ್ಸೂಲು, ಇನ್ನರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಬರೀ ಕಂದು ಬಣ್ಣದ ಅಂಟುದ್ರವ ತುಂಬಿದ, ಬ್ಯಾಕ್ಟೀರಿಯಾ ಇಲ್ಲದ ‘ಖಾಲಿ’ ಕ್ಯಾಪ್ಸೂಲು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಬಾರದು, ಕೊಡುವ ಡಾಕ್ಟರಿಗೂ ಗೊತ್ತಿರಬಾರದು. ಬಾಟಲಿಯ ಮೇಲೆ ಬರೀ ನಂಬರು. ಯಾವ ನಂಬರಿಗೆ ಏನು ತುಂಬಬೇಕು ಅನ್ನುವುದು ತುಂಬುವ ಪುಟ್ಟಿಗೆ ಗೊತ್ತು. ಆದರೆ ಆ ನಂಬರು ಯಾರದ್ದು ಅನ್ನುವುದು ಅವಳಿಗೆ ಗೊತ್ತಾಗಬಾರದು. ಅದಕ್ಕೇ ಕೆಲಸದವರ ಮನೆಯವರನ್ನು ಸೇರಿಸಿಕೊಳ್ಳುವಂತಿರಲಿಲ್ಲ.

ಪುಟ್ಟಿ ಎಲ್ಲ ಕೇಳಿಸಿಕೊಂಡಳು. ಭಾನುವಾರ ಅಕ್ಕನಿಗೆ ಪ್ರಯೋಗದ ವಿಷಯ ಹೇಳಿ, ಅಮ್ಮನನ್ನು ಅದಕ್ಕೆ ಸೇರಿಸು ಎಂದಳು. ಕೊನೆಗೆ, "ನಾನು ಅಲ್ಲಿ ಕೆಲಸ ಮಾಡ್ತೀನಿ ಅಂತ ಮಾತ್ರ ಬಾಯಿ ಬಿಡಬೇಡ" ಎಂದಳು.

ಅಕ್ಕ ಅಮ್ಮನ ಉಗುರು ಕತ್ತರಿಸುತ್ತಿದ್ದಳು. ತಲೆಯೆತ್ತದೆ, "ಇದರಿಂದ ಏನಾದ್ರೂ ಆಗುತ್ತಾ ಪುಟ್ಟಿ?" ಎಂದು ಕೇಳಿದಳು.

"ಆದ್ರೂ ಆಗಬಹುದು."

ಡಾಕ್ಟರಮ್ಮ ಹೇಳಿದ್ದರಲ್ಲಿ ಅವಳು ಮನೆಗೆ ತಂದದ್ದು ಅಷ್ಟನ್ನೇ. ಮಿಕ್ಕ ಮಾತು ಕಟ್ಟಡದಲ್ಲೇ ಉಳಿಯಿತು.

ಅಮ್ಮನನ್ನು ಸೇರಿಸಿಕೊಂಡರು. ಮೊದಲ ತಿಂಗಳ ಬಾಟಲಿ ಬಂತು. ಮುಂದಿನ ಭಾನುವಾರ ಪುಟ್ಟಿ ಹೋದಾಗ ಅಕ್ಕ ದೇವರ ಪ್ರಸಾದದಷ್ಟು ಭಯಭಕ್ತಿಯಿಂದ ಫ್ರೀಜರ್ ತೆಗೆದು ತೋರಿಸಿದಳು. "ನೋಡು, ನಿನ್ನ ಕೈಯಾರೆ ತುಂಬಿದ್ದೇ ಅಮ್ಮನ ಹೊಟ್ಟೆಗೆ ಹೋಗ್ತಿದೆ. ನೀನು ಏನೂ ಮಾಡಲ್ಲ ಅಂತ ನಾನು ಎಷ್ಟೋ ಸಲ ಗೊಣಗಿದೀನಿ. ತಪ್ಪಾಯ್ತು ಕಣೆ."

ಬಾಟಲಿಯ ಮೇಲೆ ಹದಿನೇಳು ಎಂದಿತ್ತು. ಹದಿನೇಳು ಖಾಲಿ.

ನೋಡಬಾರದಿತ್ತು. ಕಣ್ಣು ಮುಚ್ಚಿಕೊಳ್ಳಬಹುದಿತ್ತು, ನಂಬರು ಕಾಣದಂತೆ ಏನಾದರೂ ಅಂಟಿಸಿಡು ಎಂದು ಮೊದಲೇ ಹೇಳಬಹುದಿತ್ತು. ನೋಡಿಬಿಟ್ಟ ಮೇಲೆ ಅಕ್ಕನ ಮುಖಕ್ಕೆ ಮುಖ ಕೊಡಲಾಗಲಿಲ್ಲ. ಅಕ್ಕ ಪ್ರತಿ ಬೆಳಿಗ್ಗೆ ಅಮ್ಮನನ್ನು ಪುಸಲಾಯಿಸಿ, ನೀರು ಕುಡಿಸಿ, ಗಂಟಲು ನೀವಿ, ಆ ಬಣ್ಣದ ಅಂಟನ್ನು ನುಂಗಿಸುತ್ತಿದ್ದಳು.

ಮುಂದಿನ ತಿಂಗಳ ಬಾಟಲಿಗಳನ್ನು ತುಂಬುವ ದಿನ ಬಂತು. ಕೋಣೆಯಲ್ಲಿ ಯಂತ್ರದ ಗುಂಯ್ ಸದ್ದು ಬಿಟ್ಟರೆ ಯಾರೂ ಇರಲಿಲ್ಲ. ಹದಿನೇಳರ ಚೀಟಿ ಕೈಗೆ ಬಂದಾಗ ಪುಟ್ಟಿ ನಿಂತಳು. ಟ್ರೇಯಲ್ಲಿ ಪಕ್ಕದಲ್ಲೇ ಇದ್ದದ್ದು ಇಪ್ಪತ್ತಮೂರರ ಬಾಟಲಿ, ನಿಜವಾದದ್ದು. ಆರಿಸಿ ತೆಗೆದದ್ದೇನಲ್ಲ, ಕೈಗೆಟುಕಿದ್ದು ಅದು. ಅದರ ಮೇಲೆ ಹದಿನೇಳರ ಚೀಟಿ ಅಂಟಿಸಿದಳು. ಖಾಲಿಯ ಮೇಲೆ ಇಪ್ಪತ್ತಮೂರರ ಚೀಟಿ. ಚೀಟಿ ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಅಂಟಿಸಿದಳು.

ಇಪ್ಪತ್ತಮೂರು ಅಂದರೆ ಒಂದು ನಂಬರು ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಯಾರೋ ಏನೋ. ಅವರಿಗೂ ಅಕ್ಕನಂಥ ಅಕ್ಕ ಇರಬಹುದು ಎಂಬ ಯೋಚನೆ ಬಂದಾಗೆಲ್ಲ ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದಳು.

ಆ ತಿಂಗಳು ಅಮ್ಮನಲ್ಲಿ ಹೇಳಿಕೊಳ್ಳುವ ಬದಲಾವಣೆಯೇನೂ ಕಾಣಲಿಲ್ಲ. ಹೊಟ್ಟೆ ಸ್ವಲ್ಪ ಸಲೀಸಾಗಿದೆ ಎಂದಳು ಅಕ್ಕ. ಒಂದು ದಿನ ಮಾತ್ರ ಅಮ್ಮ ಪುಟ್ಟಿಯ ಕೆನ್ನೆ ಹಿಡಿದು ಬಹಳ ಹೊತ್ತು ನೋಡಿ, "ನೀನು ಡ್ಯೂಟಿಗೆ ಹೋಗ್ಲಿಲ್ವಾ ಇವತ್ತು?" ಎಂದು ಕೇಳಿದಳು. ಅದು ತನ್ನನ್ನು ಗುರುತಿಸಿ ಕೇಳಿದ್ದೋ, ಎಕ್ಸ್‌ಚೇಂಜಿನ ಹಳೆಯ ಗೆಳತಿ ಯಾರೋ ಅಂದುಕೊಂಡು ಕೇಳಿದ್ದೋ ಪುಟ್ಟಿಗೆ ಗೊತ್ತಾಗಲಿಲ್ಲ. ಗುರುತಿಸಿದಳು ಎಂದೇ ಅಂದುಕೊಂಡಳು. ಎರಡನೇ ಸಲ ಬದಲಿಸುವಾಗ ಚೀಟಿ ಒಂದೇ ಪೆಟ್ಟಿಗೆ ನೆಟ್ಟಗೆ ಕೂತಿತು. ನೆಟ್ಟಗೆ ಕೂತಿತಲ್ಲ ಎಂದು ಆಮೇಲೆ ಹೆದರಿದಳು.

ಆಸ್ಪತ್ರೆಯಲ್ಲಿ ಬಾಟಲಿಗಾಗಿ ಕಾಯುವ ಬೆಂಚಿನ ಮೇಲೆ ಅಕ್ಕನಿಗೆ ಒಬ್ಬ ಗೆಳತಿ ಸಿಕ್ಕಿದ್ದಳು. ಅವಳ ಗಂಡ ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಯಾಗಿದ್ದವರು. ಅವರಿಗೂ ಇದೇ ಕಾಯಿಲೆ, ಇದೇ ಪ್ರಯೋಗ. ಇಬ್ಬರು ಹೆಂಗಸರೂ ಒಂದೇ ದೋಣಿಯಲ್ಲಿ ಕೂತವರಂತೆ ಬಹಳ ಬೇಗ ಹತ್ತಿರವಾದರು. ಒಂದು ಭಾನುವಾರ ಮಧ್ಯಾಹ್ನ ಪುಟ್ಟಿ ಫ್ಲಾಟಿನಲ್ಲಿದ್ದಾಗಲೇ ಗಂಡ ಹೆಂಡತಿ ಚಹಾಕ್ಕೆ ಬಂದರು. ಮಗಳ ಮನೆಯಲ್ಲಿ ಎರಡು ದಿನ ಇರಲು ಹೊರಟವರು, ದಾರಿಯಲ್ಲಿ ಇಲ್ಲಿ ಇಳಿದಿದ್ದರು.

ಮೇಸ್ತ್ರಿ ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಒಳಗೆ ಬಂದವರೇ ಯಾರನ್ನೂ ಮಾತಾಡಿಸದೆ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರಿದರು. "ಇದಕ್ಕೆ ಎರಡನೇ ಕೋಟ್ ಹೊಡೆದೇ ಇಲ್ಲ. ದುಡ್ಡು ತಿಂದಿದ್ದಾನೆ" ಎಂದರು.

ಎಲ್ಲರೂ ನಕ್ಕರು. ಮೇಸ್ತ್ರಿಯ ಹೆಂಡತಿಯ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ? ಇದು ಈಗ ಎರಡು ತಿಂಗಳಿಂದ. ಅದಕ್ಕೂ ಮುಂಚೆ ಗೋಡೆ ಯಾವುದು ಬಾಗಿಲು ಯಾವುದು ಅಂತಾನೇ ಗೊತ್ತಾಗ್ತಿರಲಿಲ್ಲ. ಮೊನ್ನೆ ನನ್ನ ಹೊಸ ಬಟ್ಟೆ ನೋಡಿ, ಈ ಹಸಿರಿಗೆ ಒಂದು ತೊಟ್ಟು ಕಪ್ಪು ಜಾಸ್ತಿಯಾಯ್ತು ಅಂದ್ರು. ಮದುವೆಯಾದಾಗಿನಿಂದ ನನ್ನ ಬಟ್ಟೆ ಬಗ್ಗೆ ಒಂದು ಮಾತಾಡಿದವರಲ್ಲ." ಆಮೇಲೆ ಕೈಚೀಲದಿಂದ ಮಂಜುಗಡ್ಡೆಯ ಡಬ್ಬಿ ತೆಗೆದು ಪುಟ್ಟಿಯ ಕೈಗಿತ್ತಳು. "ಇದನ್ನ ಸ್ವಲ್ಪ ನಿಮ್ಮ ಫ್ರೀಜರಲ್ಲಿ ಇಡ್ತೀಯಾಮ್ಮ? ದಾರಿಯಲ್ಲಿ ಕರಗಿದ್ರೆ ನನ್ನ ಜೀವವೇ ಹೋಗುತ್ತೆ."

ಪುಟ್ಟಿ ಅಡುಗೆಮನೆಗೆ ಹೋಗಿ ಡಬ್ಬಿ ತೆರೆದಳು. ಇಪ್ಪತ್ತಮೂರು. ಅವಳೇ ಅಂಟಿಸಿದ ಚೀಟಿ.

ಫ್ರೀಜರಿನ ಬಾಗಿಲು ತೆರೆದೇ ಇತ್ತು, ತಣ್ಣನೆಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ಒಳಗೆ ಅಮ್ಮನ ಹದಿನೇಳು. ಪಕ್ಕದಲ್ಲಿ ಇಪ್ಪತ್ತಮೂರನ್ನು ಇಟ್ಟಳು. ಈಗಲೇ ಅದಲುಬದಲು ಮಾಡಿಬಿಡಬಹುದು ಅನ್ನಿಸಿತು. ಮೇಸ್ತ್ರಿಯದ್ದು ಮೇಸ್ತ್ರಿಗೆ ಹೋಗಲಿ. ಹೊರಗೆ ಅಕ್ಕ, "ಪುಟ್ಟಿ, ಚಹಾ ಆಯ್ತಾ?" ಎಂದು ಕೂಗಿದಳು. ಪುಟ್ಟಿ ಬಾಗಿಲು ಮುಚ್ಚಿ ಚಹಾ ಸೋಸಿದಳು.

ಬಿಸ್ಕತ್ತಿನ ತಟ್ಟೆ ಮುಂದಿಟ್ಟಾಗ ಮೇಸ್ತ್ರಿ ಅವಳ ತಲೆಯ ಮೇಲೆ ಕೈಯಿಟ್ಟು, "ಒಳ್ಳೇ ಮಗು" ಎಂದರು. ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು.

ಆ ವಾರವೆಲ್ಲ ಅವಳು ಒಂದೇ ಲೆಕ್ಕಾಚಾರದಲ್ಲಿ ಸುತ್ತಿದಳು. ಮೇಸ್ತ್ರಿ ಮೊದಲ ತಿಂಗಳು ನಿಜವಾದದ್ದನ್ನು ತಿಂದರು. ಆಮೇಲೆ ಖಾಲಿ. ಆದರೂ ಹುಷಾರಾಗುತ್ತಿದ್ದಾರೆ. ಹಾಗಾದರೆ ಖಾಲಿಯಿಂದ ಅವರಿಗೆ ನಷ್ಟವೇನೂ ಆಗಿಲ್ಲವಲ್ಲ. ಈ ಮಾತನ್ನು ಬಸ್ಸಿನಲ್ಲಿ, ಮೆಟ್ಟಿಲ ಮೇಲೆ, ಕೈಗವಸು ಹಾಕಿಕೊಳ್ಳುವಾಗ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ಸುಳ್ಳೆಂದು ಗೊತ್ತಾಗುತ್ತಿತ್ತು. ಮತ್ತೆ ತುಂಬುವ ದಿನ ಬಂತು. ಇಪ್ಪತ್ತಮೂರು ಈಗ ಬರೀ ನಂಬರಾಗಿರಲಿಲ್ಲ. ಅದಕ್ಕೆ ಇಸ್ತ್ರಿ ಮಾಡಿದ ಅಂಗಿಯಿತ್ತು, ದೊರಗು ಅಂಗೈಯಿತ್ತು. ಅದು ಗೊತ್ತಿದ್ದೂ ಚೀಟಿ ಬದಲಿಸಿದಳು. ಮೊದಲ ಎರಡು ಸಲಕ್ಕೆ ಅವಳು ಏನಾದರೂ ನೆಪ ಹೇಳಿಕೊಂಡಾಳು. ಆ ಮೂರನೆಯ ಸಲಕ್ಕೆ ಅವಳ ಬಳಿ ಯಾವ ನೆಪವೂ ಇರಲಿಲ್ಲ.

ಹೊಸ ಬಾಟಲಿ ಶುರುವಾಗಿ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಪುಟ್ಟಿ ಕೆಲಸದಲ್ಲಿದ್ದಾಗ ಅಕ್ಕನ ಫೋನು ಬಂತು. ಅಮ್ಮನಿಗೆ ಹಿಂದಿನ ದಿನದಿಂದ ಭೇದಿ, ಜ್ವರ, ಈಗ ಕಣ್ಣೇ ಬಿಡುತ್ತಿಲ್ಲ, ಆಂಬುಲೆನ್ಸಿನಲ್ಲಿ ಕರೆತರುತ್ತಿದ್ದೇನೆ ಎಂದಳು. ಪುಟ್ಟಿ ಏಪ್ರನ್ ಬಿಚ್ಚದೆಯೇ ಓಡಿದಳು.

ವಾರ್ಡಿನಲ್ಲಿ ಅಮ್ಮ ಹಾಸಿಗೆಗೆ ಅಂಟಿಕೊಂಡಂತೆ ಮಲಗಿದ್ದಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಪ್ರಯೋಗದ ರೋಗಿಯಾದ್ದರಿಂದ ಡಾಕ್ಟರಮ್ಮನೂ ಬಂದಿದ್ದರು. ಇಂಥ ಸಂಕಟದಲ್ಲಿ ಮಾತ್ರ ರೋಗಿಯ ನಂಬರಿನ ಗುಟ್ಟು ತೆರೆಯಬಹುದಿತ್ತು, ತೆರೆದಿದ್ದರು. ಅವರು ವಾರ್ಡಿನ ಡಾಕ್ಟರಿಗೆ ಹೇಳುತ್ತಿದ್ದುದು ಪುಟ್ಟಿಗೆ ಕೇಳಿಸಿತು.

"ಇವರಿಗೆ ಹೋಗ್ತಿದ್ದದ್ದು ಖಾಲಿ ಕ್ಯಾಪ್ಸೂಲು. ಹಾಗಾಗಿ ನಮ್ಮ ಕಡೆಯಿಂದ ಯಾವ ಸೋಂಕೂ ಬಂದಿರೋ ಸಾಧ್ಯತೆ ಇಲ್ಲ. ನೀವು ಬೇರೆ ಕಾರಣ ಹುಡುಕಿ."

"ಸರಿ. ಮೊದಲು ಭೇದಿ ನಿಲ್ಲೋಕೆ ಔಷಧ ಕೊಡೋಣ" ಎಂದರು ವಾರ್ಡಿನ ಡಾಕ್ಟರು.

ಬೇರೆಯವರ ಕರುಳಿನಿಂದ ಏನಾದರೂ ಕೆಟ್ಟ ಬ್ಯಾಕ್ಟೀರಿಯಾ ಕಣ್ತಪ್ಪಿ ಬಂದಿದ್ದರೆ ಭೇದಿಯನ್ನು ಬಲವಂತವಾಗಿ ನಿಲ್ಲಿಸಬಾರದು, ವಿಷ ಒಳಗೇ ಉಳಿಯುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲೇ ಪುಟ್ಟಿಗೆ ಕಲಿಸಿದ್ದರು. ಅಕ್ಕ ಅಮ್ಮನ ಪಾದ ತಿಕ್ಕುತ್ತಾ, ಡಾಕ್ಟರಮ್ಮನ ಎದುರು ತಂಗಿಯನ್ನು ಅಪರಿಚಿತಳಂತೆ ನೋಡುತ್ತಾ ಕೂತಿದ್ದಳು. ಅಲ್ಲಿಯೂ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಳು.

"ಮೇಡಂ" ಎಂದಳು ಪುಟ್ಟಿ. "ಅದು ಖಾಲಿಯಲ್ಲ. ಮೂರು ಬಾಟಲಿಯಿಂದ ಇವರಿಗೆ ನಿಜವಾದದ್ದೇ ಹೋಗ್ತಿದೆ. ನಾನು ಚೀಟಿ ಬದಲಿಸಿದೆ. ಇವರು ನಮ್ಮಮ್ಮ."

ಡಾಕ್ಟರಮ್ಮ ಅವಳನ್ನು ನೋಡಿದರು. ಸಿಟ್ಟಿಗಿಂತ ಮೊದಲು ಅವರ ಮುಖದಲ್ಲಿ ಕಂಡದ್ದು, ಹೇಳಿದ್ದು ಅರ್ಥವಾಗದವರ ಗೊಂದಲ. ಅರ್ಥವಾದ ಮೇಲೆ ವಾರ್ಡಿನ ಡಾಕ್ಟರ ಕಡೆ ತಿರುಗಿ ಆ ಔಷಧ ಬೇಡವೆಂದರು. ಏನೇನು ಪರೀಕ್ಷೆಗೆ ಕಳಿಸಬೇಕು, ಯಾವ ಆಂಟಿಬಯಾಟಿಕ್ ಶುರು ಮಾಡಬೇಕು ಎಂದು ಒಂದೊಂದಾಗಿ ಹೇಳಿದರು. ಆಮೇಲೆ ಪುಟ್ಟಿಯನ್ನು ಕೇಳಿದರು.

"ಇವರದ್ದನ್ನ ಯಾರದ್ದರ ಜೊತೆ ಬದಲಾಯಿಸಿದೆ?"

"ಇಪ್ಪತ್ತಮೂರು."

"ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನನಗೀಗ ಸಮಯ ಇಲ್ಲ" ಎಂದು ಅವರು ಹೊರಟುಹೋದರು.

ಅಕ್ಕ ಪಾದ ತಿಕ್ಕುವುದನ್ನು ನಿಲ್ಲಿಸಿದ್ದಳು. "ಇಪ್ಪತ್ತಮೂರು ಅಂದ್ರೆ ಮೇಸ್ತ್ರಿಯವರದ್ದಲ್ವಾ?" ಎಂದಳು.

ಪುಟ್ಟಿ ಹೌದೆಂದು ತಲೆ ಆಡಿಸಿದಳು.

"ನಿನಗೆ ಗೊತ್ತಿತ್ತಾ?"

"ಮೊದಲು ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು."

"ಗೊತ್ತಾದ ಮೇಲೂ ಮಾಡಿದ್ಯಾ?"

ಪುಟ್ಟಿ ಏಪ್ರನ್ ಬಿಚ್ಚಿ ಮಡಿಸಿದಳು. ಅಕ್ಕ ಅಮ್ಮನ ಪಾದದ ಮೇಲೆ ಹೊದಿಕೆ ಎಳೆದಳು. "ನನ್ನ ಕೇಳಿದ್ರೆ ಬೇಡ ಅಂತಿದ್ದೆ ಅಂತ ನಿನ್ನ ಬಯ್ಯಬೇಕು. ಆದ್ರೆ ಬೇಡ ಅಂತಿದ್ನೋ ಇಲ್ವೋ ನನಗೇ ಗೊತ್ತಿಲ್ಲ" ಎಂದಳು.

ಅಮ್ಮ ಉಳಿದಳು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅರ್ಧವಾಗಿದ್ದಳು, ಬಲವಾದ ಔಷಧದಿಂದ ಹೊಟ್ಟೆಯೊಳಗಿನ ಒಳ್ಳೆಯದು ಕೆಟ್ಟದ್ದು ಎಲ್ಲ ಸೇರಿ ಗುಡಿಸಿ ಹೋಗಿತ್ತು. ದಾನಿಯಿಂದ ಬಂದು ಉಳಿದಿದ್ದ ಮಾದರಿಯನ್ನು ಮತ್ತೆ ಪರೀಕ್ಷಿಸಿದರು, ಕೆಟ್ಟದ್ದೇನೂ ಸಿಗಲಿಲ್ಲ. ಕ್ಯಾಪ್ಸೂಲಿನಿಂದಲೇ ಬಂತೋ, ಅಮ್ಮ ಕಸದ ಡಬ್ಬಿಯಿಂದ ಏನಾದರೂ ಎತ್ತಿ ತಿಂದಿದ್ದಳೋ ಎಂದು ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಪುಟ್ಟಿಗೆ ಹಾಗೊಂದು ಸಂದೇಹದ ಲಾಭ ಸಿಕ್ಕಿತು. ಅದರಿಂದ ಅವಳಿಗೆ ನೆಮ್ಮದಿಯೇನೂ ಆಗಲಿಲ್ಲ.

ಕೆಲಸ ಹೋಯಿತು. ವಿಚಾರಣೆಯಲ್ಲಿ ಕೇಳಿದ್ದಕ್ಕೆಲ್ಲ ಹೌದು ಎಂದಳು. ಡಾಕ್ಟರಮ್ಮ ಅವಳನ್ನು ಕೊನೆಯದಾಗಿ ಕರೆದು ಹೇಳಿದ್ದು ಇಷ್ಟೇ. "ನಿಮ್ಮಮ್ಮನ್ನೂ ಅವರನ್ನೂ ಇಬ್ಬರನ್ನೂ ಪ್ರಯೋಗದಿಂದ ತೆಗೀಬೇಕಾಯ್ತು. ಇವರ ಮೂರು ಬಾಟಲಿ, ಅವರ ಮೂರು ಬಾಟಲಿ, ಯಾವುದೂ ಲೆಕ್ಕಕ್ಕೆ ಬರಲ್ಲ. ಅವರ ಮನೆಯವರಿಗೆ ವಿಷಯ ತಿಳಿಸಿದೀವಿ. ನೀನು ಹೋಗಬೇಕು ಅಂತ ನಾನು ಹೇಳಲ್ಲ. ಹೋಗಬೇಡ ಅಂತಾನೂ ಹೇಳಲ್ಲ."

ಪುಟ್ಟಿ ಹೋದಳು. ಮೇಸ್ತ್ರಿಯ ಮನೆ ಒಂದು ಓಣಿಯ ಕೊನೆಗಿತ್ತು. ಕಿಟಕಿಯ ಚೌಕಟ್ಟು, ಮೀಟರಿನ ಪೆಟ್ಟಿಗೆ, ಗೇಟಿನ ಚಿಲಕ, ಎಲ್ಲಕ್ಕೂ ಅಂಚು ಮೀರದಂತೆ ಬಣ್ಣ ಹೊಡೆದಿತ್ತು. ಬಾಗಿಲು ತೆರೆದ ಹೆಂಡತಿ ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಒಳಗೆ ಮೇಸ್ತ್ರಿ ಕುರ್ಚಿಯಲ್ಲಿ ಕೂತು ಖಾಲಿ ಲೋಟವನ್ನು ತಿರುಗಿಸುತ್ತಿದ್ದರು.

ಪುಟ್ಟಿ ದಾರಿಯುದ್ದಕ್ಕೂ ಒಂದು ಮಾತು ಜೋಡಿಸಿಕೊಂಡು ಬಂದಿದ್ದಳು. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಎಂದು. ಎಲ್ಲರೂ ಆಡುವ ಮಾತು ಅದು. ಆ ಮನುಷ್ಯನ ಹೊಟ್ಟೆಗೆ ತಾನು ಏನು ಹಾಕಿದ್ದೆ ಅನ್ನುವುದು ನೆನಪಾಗಿ ಆ ಮಾತು ಬಿಟ್ಟಳು. "ತಪ್ಪು ಮಾಡಿದೆ" ಎಂದಳು. ಅಷ್ಟೇ ಬಂತು.

"ಒಂದು ಹೇಳು" ಎಂದಳು ಮೇಸ್ತ್ರಿಯ ಹೆಂಡತಿ. "ಇವರು ಹುಷಾರಾದ್ರಲ್ಲ. ಗೋಡೆ ನೋಡಿ ಮಾತಾಡಿದ್ರಲ್ಲ. ಅದು ಯಾವುದರಿಂದ?"

"ಗೊತ್ತಿಲ್ಲ ಅಮ್ಮ."

"ಮೊದಲ ತಿಂಗಳು ಕೊಟ್ಟದ್ದು ಒಳಗೆ ಇದ್ದು ಕೆಲಸ ಮಾಡ್ತಾ?"

"ಇರಬಹುದು. ಕೆಲವು ಸಲ ತಾನಾಗೇ ಚೆನ್ನಾಗಿರೋ ದಿನಗಳೂ ಬರುತ್ತಂತೆ."

"ಹಾಗಾದ್ರೆ ನೀನು ತೆಗೀದೇ ಇದ್ದಿದ್ರೆ? ಆ ಮೂರು ಬಾಟಲಿನೂ ಇವರಿಗೇ ಸಿಕ್ಕಿದ್ರೆ, ಈಗ ಹೇಗಿರ್ತಿದ್ರು?"

ಅದನ್ನು ತಿಳಿಯುವುದಕ್ಕೇ ಆ ಪ್ರಯೋಗ ಇದ್ದದ್ದು. ಆ ಪ್ರಶ್ನೆಗೆ ಈ ಒಬ್ಬ ಮನುಷ್ಯನ ಮೈ ಕೊಡಬಹುದಾಗಿದ್ದ ಉತ್ತರವನ್ನು ಪುಟ್ಟಿ ತನ್ನ ಕೈಯಾರೆ ಕಿತ್ತು ಬೇರೆ ಕಡೆ ಅಂಟಿಸಿದ್ದಳು.

"ಬೈದ್ರೆ ನಿನಗೆ ಹಗುರ ಆಗುತ್ತೆ" ಎಂದಳು ಮೇಸ್ತ್ರಿಯ ಹೆಂಡತಿ. "ನಾನು ಬಯ್ಯಲ್ಲ. ಹೋಗಮ್ಮ." ಬಾಗಿಲನ್ನು ದಡಾರನೆ ಹಾಕದೆ, ಒಳಗಿರುವವರಿಗೆ ಬೆಚ್ಚುವಂತಾಗದ ಹಾಗೆ ಮೆಲ್ಲಗೆ ಮುಚ್ಚಿದಳು.

ಪುಟ್ಟಿ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಫ್ಲಾಟಿಗೆ ಬಂದಳು. ಬೆಳಿಗ್ಗೆ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಮಧ್ಯಾಹ್ನದಿಂದ ಅಮ್ಮನ ಸರದಿ ಅವಳದು. ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು ಕಲಿತಳು. ಅಮ್ಮ ಹೊಡೆದರೆ ಹೊಡೆಸಿಕೊಳ್ಳಲು ಕಲಿತಳು. ಅಕ್ಕ ಅಷ್ಟು ವರ್ಷಗಳಲ್ಲಿ ಮೊದಲ ಸಲ ಸಂಜೆ ಹೊತ್ತು ಹೊರಗೆ ಅಡ್ಡಾಡಿ ಬರುವಂತಾಯಿತು. ಅಕ್ಕ ತಂಗಿ ಆ ವಿಷಯ ಮತ್ತೆ ಮಾತಾಡಲಿಲ್ಲ. ಆದರೆ ಮೊದಲಿನ ಹಾಗೆ ಅಕ್ಕ ಅವಳನ್ನು ರೇಗಿಸುತ್ತಲೂ ಇರಲಿಲ್ಲ. ಅದು ಪುಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮರುವರ್ಷ ಪ್ರಯೋಗದ ಫಲಿತಾಂಶ ಬಂತು. ಹಳೆಯ ಸಹೋದ್ಯೋಗಿಯೊಬ್ಬಳು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದಳು. ನಿಜವಾದದ್ದು ತಿಂದವರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡಿತಂತೆ, ಆದರೆ ಅದನ್ನು ನಂಬಿ ಹೀಗೇ ಎಂದು ಹೇಳುವಷ್ಟು ಜನ ಲೆಕ್ಕದಲ್ಲಿ ಇರಲಿಲ್ಲವಂತೆ. ಇನ್ನೂ ದೊಡ್ಡದಾಗಿ ಮತ್ತೆ ಮಾಡಬೇಕಂತೆ. ಹೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡು ಬಸ್ಸು ಬರುವ ದಿಕ್ಕಿಗೆ ನೋಡಿದಳು.

ಅಕ್ಕ ಈಗಲೂ ಆಗಾಗ ಮೇಸ್ತ್ರಿಯ ಮನೆಗೆ ಹೋಗಿಬರುತ್ತಾಳೆ. ಹೋದ ವಾರ ಬಂದವಳು ಚಪ್ಪಲಿ ಬಿಡುತ್ತಾ, "ಈಗ ಹೆಂಡತಿಯ ಗುರುತೂ ಸಿಗಲ್ಲ ಅವರಿಗೆ. ಮಾತೂ ನಿಂತಿದೆ" ಎಂದಳು.

ಪುಟ್ಟಿ ಅಮ್ಮನಿಗೆ ಗಂಜಿ ತಿನ್ನಿಸುತ್ತಿದ್ದಳು. "ಅವರ ಹೆಂಡತಿ ನನ್ನ ಬಗ್ಗೆ ಏನಾದ್ರೂ ಕೇಳ್ತಾರಾ?" ಎಂದು ಕೇಳಿದಳು.

"ಇಲ್ಲ. ಕೇಳಲ್ಲ."

ಅಮ್ಮ ಬಾಯಿ ತೆರೆದು ಕಾಯುತ್ತಿದ್ದಳು. ಪುಟ್ಟಿ ಗಂಜಿಯನ್ನು ಊದಿ ಆರಿಸಿ ಇನ್ನೊಂದು ಚಮಚ ಕೊಟ್ಟಳು.